ಕಂಬ ನೋಡಿ ಮುಂಗಡ ಕೊಡಿ

ಹರಿಹರದ ಬಸ್ಸಾಗಲಿ, ಚನ್ನಗಿರಿ ಬಸ್ಸಾಗಲಿ, ಹೊನ್ನಾಳಿ ಬಸ್ಸಾಗಲಿ, ಕಿಟಕಿ ಪಕ್ಕದ ಸೀಟು ಸಿಕ್ಕವರು ದಿನಾಲೂ ಒಂದು ನೋಟ ನೋಡುತ್ತಾರೆ. ದಾವಣಗೆರೆ ಹತ್ತಿರವಾಗುತ್ತಿದ್ದಂತೆ ಗದ್ದೆ ಮುಗಿದು ಕಲ್ಲು ಶುರುವಾಗುತ್ತದೆ. ಮೊನ್ನೆ ಮೊನ್ನೆಯವರೆಗೆ ಭದ್ರಾ ನಾಲೆ ನೀರಿನಲ್ಲಿ ಭತ್ತ ನಿಂತಿದ್ದ ಕಡೆ ಸಾಲಾಗಿ ಸುಣ್ಣ ಬಳಿದ ಕಲ್ಲು, ನಡುವೆ ಗ್ರಾವೆಲ್ ಸುರಿದ ರಸ್ತೆ, ಮುಂದೊಂದು ಸಿಮೆಂಟಿನ ಕಮಾನು, ಕಮಾನಿನ ಮೇಲೆ ದೇವರ ಹೆಸರು, ಗಾಳಿಗೆ ಪಟಪಟ ಹೊಡೆದುಕೊಳ್ಳುವ ಬಣ್ಣದ ಬಾವುಟ. ಪಕ್ಕದಲ್ಲೇ ಬೋರ್ಡು: ‘ಸೈಟುಗಳು ಮಾರಾಟಕ್ಕಿವೆ. ನೀರು, ಲೈಟು, ಚರಂಡಿ ಸಕಲ ಸೌಕರ್ಯ!’

ಸಕಲ ಸೌಕರ್ಯ ಎಲ್ಲಿದೆ ಎಂದು ಬಸ್ಸಿನಿಂದಲೇ ಕಣ್ಣಾಡಿಸಿದರೆ ಕಮಾನಿನ ಪಕ್ಕ ನಾಲ್ಕು ಕಂಬ ಕಾಣುತ್ತವೆ. ಕಂಬದ ಮೇಲೆ ತಂತಿ ಇದೆಯೇ? ತಂತಿಯಲ್ಲಿ ಕರೆಂಟು ಇದೆಯೇ? ಆ ಕರೆಂಟು ಯಾವ ಟಿ.ಸಿ.ಯಿಂದ ಬರುತ್ತದೆ? ಇಷ್ಟು ಪ್ರಶ್ನೆ ಕೇಳುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಬಸ್ಸಿನಲ್ಲಿದ್ದವರು ಕೇಳದಿದ್ದರೆ ಚಿಂತೆಯಿಲ್ಲ. ಆದರೆ ಜೀವಮಾನದ ಉಳಿತಾಯ ಕೈಚೀಲದಲ್ಲಿಟ್ಟುಕೊಂಡು ಮುಂಗಡ ಕೊಡಲು ಬಂದವರೂ ಕೇಳುವುದಿಲ್ಲವಲ್ಲ, ಅದೇ ಸೋಜಿಗ!

ನಮ್ಮ ಜನ ಸೈಟು ಕೊಳ್ಳುವಾಗ ಏನೂ ನೋಡುವುದಿಲ್ಲ ಎಂದಲ್ಲ. ನೋಡುತ್ತಾರೆ, ಬಹಳವೇ ನೋಡುತ್ತಾರೆ. ಪೂರ್ವ ದಿಕ್ಕೋ ಉತ್ತರ ದಿಕ್ಕೋ ನೋಡುತ್ತಾರೆ. ವಾಸ್ತು ಹೇಳುವವರನ್ನು ಕಾರಿನಲ್ಲಿ ಕರೆತರುತ್ತಾರೆ. ಮೂಲ ಪತ್ರ, ಪಹಣಿ, ಋಣಭಾರ ಪತ್ರವನ್ನು ವಕೀಲರಿಗೆ ತೋರಿಸುತ್ತಾರೆ. ಬಸ್ ಸ್ಟಾಪು ಎಷ್ಟು ದೂರ, ಸ್ಕೂಲು ಎಷ್ಟು ದೂರ ಎಂದು ಅಳೆಯುತ್ತಾರೆ. ತಲೆ ಎತ್ತಿ ಕಂಬ ನೋಡುವವರು, ತಲೆ ತಗ್ಗಿಸಿ ಚರಂಡಿ ನೋಡುವವರು ಮಾತ್ರ ನೂರಕ್ಕೆ ಹತ್ತು ಜನ ಸಿಕ್ಕರೆ ಪುಣ್ಯ. "ಕರೆಂಟೇನ್ರಿ, ಇವತ್ತಲ್ಲ ನಾಳೆ ಬರುತ್ತೆ ಬಿಡ್ರಿ" ಎಂದು ದಲ್ಲಾಳಿ ಅಂದರೆ ಸಾಕು, ಎಲ್ಲರೂ ತಲೆದೂಗುತ್ತಾರೆ.

ಆ ‘ನಾಳೆ’ ಎಂಬುದು ಎಷ್ಟು ವರ್ಷ ಉದ್ದ ಎಂಬುದು ಗೃಹಪ್ರವೇಶದ ದಿನ ಗೊತ್ತಾಗುತ್ತದೆ.

ಕಲ್ಲು ನೆಟ್ಟರೆ ಸೈಟಲ್ಲ

ಒಬ್ಬ ಕಿರಾಣಿ ಅಂಗಡಿಯ ಯಜಮಾನರು ಊರಾಚೆ 30×40 ಸೈಟು ಕೊಂಡರು ಎಂದುಕೊಳ್ಳಿ. ಕಷ್ಟಪಟ್ಟು ಮನೆಯೂ ಎದ್ದಿತು. ಕರೆಂಟಾಫೀಸಿಗೆ ಅರ್ಜಿ ಹಾಕಿದರು. ‘ಅಲ್ಲಿ ನಮ್ಮ ಲೈನೇ ಇಲ್ಲವಲ್ಲ ಸಾವ್ಕಾರ್ರೆ, ಬಡಾವಣೆ ಮಾಡಿದವರು ವಿದ್ಯುದೀಕರಣದ ಹಣವನ್ನೇ ಕಟ್ಟಿಲ್ಲ’ ಎಂಬ ಉತ್ತರ ಬಂದರೆ ಯಜಮಾನರು ಏನು ಮಾಡಬೇಕು? ಬಡಾವಣೆ ಮಾಡಿದವನ ಫೋನು ಸ್ವಿಚ್ ಆಫ್. ದಲ್ಲಾಳಿ ಇನ್ನೊಂದು ಕಮಾನಿನ ಕೆಳಗೆ ಇನ್ನೊಬ್ಬರಿಗೆ ದಿಕ್ಕು ತೋರಿಸುತ್ತಿರುತ್ತಾನೆ.

ಕಾನೂನು ಏನು ಹೇಳುತ್ತದೆ? ಮಾಲೀಕನೋ ವಾಸವಿರುವವನೋ ಅರ್ಜಿ ಕೊಟ್ಟರೆ ಕರೆಂಟು ಕೊಡುವುದು ಕಂಪನಿಯ ಕರ್ತವ್ಯ ಎಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 43ನೇ ಕಲಂ ಹೇಳುತ್ತದೆ. ಕೇಳಲು ಇಂಪಾಗಿದೆ. ಆದರೆ ಅದೇ ಕಾಯ್ದೆಯ 46ನೇ ಕಲಂ ಓದಿ ನೋಡಿ. ಲೈನು ಎಳೆಯುವುದಕ್ಕೆ, ಕಂಬ ಹಾಕುವುದಕ್ಕೆ ಆಗುವ ನ್ಯಾಯವಾದ ಖರ್ಚನ್ನು ಕೇಳಿದವನಿಂದಲೇ ವಸೂಲು ಮಾಡಲು ಅಲ್ಲಿ ಅವಕಾಶವಿದೆ. ಅಂದರೆ ಬಲಗೈಯಲ್ಲಿ ಹಕ್ಕು, ಎಡಗೈಯಲ್ಲಿ ಅಂದಾಜು ಪಟ್ಟಿ! 11 ಕೆ.ವಿ. ಲೈನು, ಟಿ.ಸಿ., ಕಂಬಗಳು ಸೇರಿದರೆ ಅದು ಸಾವಿರದ ಮಾತಲ್ಲ, ಲಕ್ಷದ ಮಾತು.

ಬಡಾವಣೆ ಮಾಡಿದವನು ನ್ಯಾಯವಾಗಿ ಮಾಡಬೇಕಾದ ಕೆಲಸ ಇದು: ನಗರಾಭಿವೃದ್ಧಿ ಪ್ರಾಧಿಕಾರದಿಂದ ನಕ್ಷೆ ಮಂಜೂರು ಮಾಡಿಸಬೇಕು. ರಸ್ತೆ, ಚರಂಡಿ, ನೀರು, ಲೈಟು ತನ್ನ ಖರ್ಚಿನಲ್ಲಿ ಹಾಕಿಸಬೇಕು. ಲೈಟಿನ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರನಿಂದ ಮಾಡಿಸಿ, ಕರೆಂಟು ಕಂಪನಿಗೆ ಮೇಲುಸ್ತುವಾರಿ ಶುಲ್ಕ ಕಟ್ಟಿ, ಕೆಲಸ ಮುಗಿದ ಮೇಲೆ ಕಂಪನಿಯ ವಶಕ್ಕೆ ಒಪ್ಪಿಸಬೇಕು. ಆಮೇಲೆ ಪ್ರಾಧಿಕಾರದಿಂದ ಸೈಟುಗಳ ಬಿಡುಗಡೆ ಪತ್ರ ಪಡೆದು ಮಾರಬೇಕು. ಇದು ಪುಸ್ತಕದಲ್ಲಿರುವ ಕ್ರಮ. ಬೀದಿಯಲ್ಲಿರುವ ಕ್ರಮ ಬೇರೆ: ಮೊದಲು ಕಮಾನು, ಆಮೇಲೆ ಮಾರಾಟ, ಕೊನೆಗೆ ಮಾಯ!

ಕರೆಂಟು ಬಾರದ ಮನೆಯವರು ಕತ್ತಲಲ್ಲೇ ಕೂರುತ್ತಾರೆಯೇ? ಇಲ್ಲ. ಅರ್ಧ ಫರ್ಲಾಂಗು ಆಚೆಯ ಮನೆಯವರ ಕೈಕಾಲು ಹಿಡಿದು ವೈರು ಎಳೆಯುತ್ತಾರೆ. ಕಂಬದ ಬದಲು ಬೊಂಬು. ಮಳೆಗಾಲದ ಗಾಳಿಗೆ ಬೊಂಬು ವಾಲಿ ವೈರು ಕೈಗೆ ಸಿಗುವಂತೆ ಜೋತು ಬೀಳುತ್ತದೆ. ಕೆಳಗೆ ದನ ಮೇಯುತ್ತವೆ, ಮಕ್ಕಳು ಆಡುತ್ತಾರೆ. ಇನ್ನು ಕೆಲವರು ಮನೆ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕವನ್ನೇ ಮುಂದುವರಿಸುತ್ತಾರೆ. ಅದರ ದರ ಮನೆ ದರಕ್ಕಿಂತ ಬಹಳ ಹೆಚ್ಚು ಎಂಬುದು ಮೊದಲ ಬಿಲ್ಲು ಬಂದಾಗ ತಿಳಿಯುತ್ತದೆ.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 90 ಮೈಲಿಗೂ ಹೆಚ್ಚು ದೂರ ಕರೆಂಟು ಹರಿಸಿದ ನಾಡು ಇದು, ಅದೂ 1902ರಲ್ಲಿ! ಇವತ್ತು ಕಮಾನಿನಿಂದ ಕೊನೆಯ ಸೈಟಿನವರೆಗೆ ಅರ್ಧ ಮೈಲಿ ಹರಿಸಲಾರೆವು ಎಂದರೆ ಅದು ತಂತಿಯ ತಪ್ಪಲ್ಲ.

ಟಿ.ಸಿ. ಲೆಕ್ಕ

ಸರಿ, ಕಂಬ ಇದೆ, ತಂತಿ ಇದೆ, ಕರೆಂಟೂ ಇದೆ. ಅಷ್ಟಕ್ಕೇ ಸಾಕೇ? ಸಾಲದು. ಟಿ.ಸಿ. ಎಷ್ಟು ದೊಡ್ಡದು ಎಂದು ಕೇಳಬೇಕು. ಟಿ.ಸಿ. ಮೈಮೇಲೇ ಅದರ ಶಕ್ತಿ ಬರೆದಿರುತ್ತದೆ. 25, 63, 100, 250 ಕೆ.ವಿ.ಎ. ಹೀಗೆ. ಹಣ ಉಳಿಸುವ ಬಡಾವಣೆಯವನು ಸಣ್ಣದನ್ನೇ ಕೂರಿಸಲು ನೋಡುತ್ತಾನೆ. ಸೈಟು ಮಾರುವಾಗ ಅಲ್ಲಿ ಉರಿಯುವುದು ನಾಲ್ಕು ಬೀದಿ ದೀಪ ಮಾತ್ರ. ನಾಲ್ಕು ದೀಪಕ್ಕೆ 25 ಕೆ.ವಿ.ಎ. ಧಾರಾಳ!

ಆದರೆ ಐದು ವರ್ಷದ ಮೇಲೆ? ಅಂಗಡಿ ಲೆಕ್ಕ ಬರೆಯುವವರಿಗೆ ಈ ಲೆಕ್ಕ ಕಷ್ಟವಲ್ಲ. 25 ಕೆ.ವಿ.ಎ. ಟಿ.ಸಿ. ಒಂದೊಂದು ಫೇಸಿನಲ್ಲಿ ಕೊಡಬಲ್ಲದ್ದು ಸುಮಾರು 33 ಆಂಪಿಯರ್. ಎರಡು ಸಾವಿರ ವ್ಯಾಟಿನ ಒಂದು ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್. ಮೂರು ಫೇಸಿಗೂ ಸಮನಾಗಿ ಹಂಚಿದರೂ ಹನ್ನೊಂದೋ ಹನ್ನೆರಡೋ ಗೀಸರಿಗೆ ಟಿ.ಸಿ. ಭರ್ತಿ. 60 ಸೈಟಿನ ಬಡಾವಣೆಯಲ್ಲಿ ಅರ್ಧ ಮನೆ ಎದ್ದರೆ 30 ಮನೆ. ಒಂದೊಂದು ಮನೆಗೆ 3 ಕಿಲೋವ್ಯಾಟ್ ಮಂಜೂರಾಗಿದ್ದರೆ 90 ಕಿಲೋವ್ಯಾಟ್. ಎಲ್ಲರೂ ಒಟ್ಟಿಗೇ ಹಚ್ಚುವುದಿಲ್ಲ ನಿಜ. ಆದರೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಎಲ್ಲ ಮನೆಯಲ್ಲೂ ಸ್ನಾನ, ಎಲ್ಲ ಮನೆಯಲ್ಲೂ ಮಿಕ್ಸಿ, ಎಲ್ಲ ಮನೆಯಲ್ಲೂ ನೀರೆತ್ತುವ ಮೋಟಾರು. ಆ ಎರಡು ಗಂಟೆಯೇ ಟಿ.ಸಿ.ಗೆ ಸತ್ವಪರೀಕ್ಷೆ.

ಫಲ ಏನು? ಕಂಬದ ಸಾಲಿನ ಕೊನೆಯ ಮನೆಗೆ ವೋಲ್ಟೇಜ್ ಬಾರದು. 230 ವೋಲ್ಟ್ ಬರಬೇಕು, ಹೆಚ್ಚೆಂದರೆ ನೂರಕ್ಕೆ 6ರಷ್ಟು ಏರುಪೇರು ಎಂಬುದು ನಿಯಮ. ಅಂದರೆ 216ಕ್ಕಿಂತ ಕೆಳಗಿಳಿಯಬಾರದು. ಅದು 180ಕ್ಕೆ ಇಳಿದರೆ ಗೀಸರಿನ ಕಾವು ಐದರಲ್ಲಿ ಮೂರು ಪಾಲಿಗೆ ಬೀಳುತ್ತದೆ. ಗೀಸರ್ ಹಾಳಾಗದು, ನೀರು ಕಾಯುವುದು ತಡವಾದೀತು ಅಷ್ಟೆ. ಆದರೆ ಮೋಟಾರು, ಫ್ರಿಜ್ಜು? ವೋಲ್ಟೇಜ್ ಇಳಿದಷ್ಟೂ ಅವು ಹೆಚ್ಚು ಕರೆಂಟು ಎಳೆದು, ಬಿಸಿಯಾಗಿ, ಒಂದು ದಿನ ವಾಸನೆ ಎಬ್ಬಿಸಿ ಮಲಗುತ್ತವೆ. ಸುಟ್ಟ ಮೋಟಾರಿಗೆ ವೈಂಡಿಂಗ್ ಮಾಡಿಸಿದ ಖರ್ಚನ್ನು ಸೈಟಿನ ದರಕ್ಕೆ ಕೂಡಿಸಿ ನೋಡಿ, ಅಗ್ಗ ಯಾವುದು ದುಬಾರಿ ಯಾವುದು ತಿಳಿಯುತ್ತದೆ.

ಇದನ್ನು ಮೊದಲೇ ತಿಳಿಯುವ ಉಪಾಯ ಸುಲಭ. ಬಡಾವಣೆಯಲ್ಲಿ ಆಗಲೇ ಮನೆ ಕಟ್ಟಿದವರಿದ್ದರೆ ಕೊನೆಯ ಕಂಬದ ಮನೆಗೆ ಸಂಜೆ ಏಳು ಗಂಟೆಗೆ ಹೋಗಿ. "ಅಮ್ಮಾರೆ, ಲೈಟು ಹೆಂಗೈತ್ರಿ?" ಎಂದು ಒಂದು ಮಾತು ಕೇಳಿ. ದಲ್ಲಾಳಿ ಹತ್ತು ದಿನ ಹೇಳಿದ್ದಕ್ಕಿಂತ ಹೆಚ್ಚು ಸತ್ಯ ಹತ್ತು ನಿಮಿಷದಲ್ಲಿ ಹೊರಬರುತ್ತದೆ.

ಯಾವ ಲೈನಿನ ಕರೆಂಟು?

ಇನ್ನೊಂದು ಸೂಕ್ಷ್ಮವಿದೆ. ಹೊಲ ಗದ್ದೆ ನಡುವೆ ಎದ್ದ ಬಡಾವಣೆಗೆ ಹತ್ತಿರದಲ್ಲಿ ಸಿಗುವುದು ಪಂಪ್‌ಸೆಟ್ ಲೈನು. ನಮ್ಮ ರಾಜ್ಯದಲ್ಲಿ ‘ನಿರಂತರ ಜ್ಯೋತಿ’ ಯೋಜನೆಯಲ್ಲಿ ಊರಿನ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರೆ ಬೇರೆ ಮಾಡಲಾಗಿದೆ. ಪಂಪ್‌ಸೆಟ್ ಲೈನಿಗೆ ಮೂರು ಫೇಸು ಕೊಡುವುದು ದಿನಕ್ಕೆ 7 ಗಂಟೆಯ ಲೆಕ್ಕದಲ್ಲಿ. ಆ ಲೈನಿಗೆ ಬಡಾವಣೆಯನ್ನು ಸಿಕ್ಕಿಸಿದರೆ ಅಲ್ಲಿನ ಮನೆಯವರು ರೈತರ ಪಾಳಿ ಪ್ರಕಾರ ಬದುಕಬೇಕಾಗುತ್ತದೆ. ರಾತ್ರಿ ಪಾಳಿ ಬಂದರೆ ರಾತ್ರಿ ಎದ್ದು ತೊಟ್ಟಿ ತುಂಬಿಸಿಕೊಳ್ಳಬೇಕು!

ಆದ್ದರಿಂದ ‘ಕರೆಂಟು ಇದೆ’ ಎಂಬ ಮಾತು ಸಾಲದು. ‘ಯಾವ ಫೀಡರಿನದು?’ ಎಂದು ಕೇಳಬೇಕು. ಆ ಭಾಗದ ಶಾಖಾ ಕಚೇರಿಗೆ ಹೋಗಿ ಕಂಬದ ಮೇಲೋ ಟಿ.ಸಿ. ಮೇಲೋ ಬರೆದ ನಂಬರು ಹೇಳಿದರೆ ಉತ್ತರ ಸಿಗುತ್ತದೆ. ಕೆ.ಇ.ಬಿ. ಮುಗಿದು, 2002ರಲ್ಲಿ ಬೆಸ್ಕಾಂ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಕೆ.ಇ.ಬಿ.ಯೇ. ಹೆಸರು ಯಾವುದಾದರೂ ಇರಲಿ, ಹೋಗಿ ಕೇಳುವುದಕ್ಕೆ ಕಾಸು ಕೊಡಬೇಕಿಲ್ಲ.

ತಲೆ ಮೇಲಿನ ತೂಗುಗತ್ತಿ

ಕರೆಂಟು ಇಲ್ಲದ ಸೈಟಿನ ಗೋಳು ಇದಾದರೆ, ಕರೆಂಟು ತೀರಾ ಹೆಚ್ಚಾದ ಸೈಟಿನ ಗೋಳು ಇನ್ನೊಂದು. ಸೈಟಿನ ಮೇಲೇ ಹೈಟೆನ್ಷನ್ ತಂತಿ ಹಾದುಹೋಗಿರುತ್ತದೆ. ‘ನಾಲ್ಕು ಕಾಸು ಕಮ್ಮಿ ಮಾಡಿಸಿ ಕೊಡ್ತೀನಿ ತಗೊಳ್ರಿ, ತಂತಿ ಎತ್ತರ ಐತಿ, ನಿಮಗೇನು ತೊಂದರೆ?’ ಎಂದು ದಲ್ಲಾಳಿ ಅನ್ನುತ್ತಾನೆ. ನಾಲ್ಕು ಕಾಸು ಕಮ್ಮಿಯ ಸೈಟಿನ ನಿಜವಾದ ಬೆಲೆ ಗೊತ್ತಾಗಬೇಕಾದರೆ ಟೇಪು ಹಿಡಿಯಬೇಕು.

ನಿಯಮ ಹೀಗಿದೆ: ಬೀದಿಯ ಸಾಮಾನ್ಯ ತಂತಿಯೂ 11 ಕೆ.ವಿ. ತಂತಿಯೂ ಕಟ್ಟಡದ ಪಕ್ಕದಿಂದ ಕನಿಷ್ಠ 1.2 ಮೀಟರ್, ಅಂದರೆ ನಾಲ್ಕು ಅಡಿ ದೂರ ಇರಬೇಕು. 33 ಕೆ.ವಿ. ಆದರೆ 2 ಮೀಟರ್. ಕಟ್ಟಡದ ಮೇಲೆ ಹಾದುಹೋಗುವುದಾದರೆ ಬೀದಿ ತಂತಿಗೆ 2.5 ಮೀಟರ್, 11 ಮತ್ತು 33 ಕೆ.ವಿ.ಗೆ 3.7 ಮೀಟರ್ ಅಂತರ ಬೇಕು. ಇದು ಇವತ್ತಿನ ಮಾತಲ್ಲ. 1956ರ ವಿದ್ಯುಚ್ಛಕ್ತಿ ನಿಯಮಗಳ ಕಾಲದಿಂದಲೂ ಇರುವ ಅಳತೆ. ತಂತಿ ಬೇಸಿಗೆ ಬಿಸಿಲಿಗೆ ಜೋತು ಬಿದ್ದಾಗಲೂ, ಗಾಳಿಗೆ ತೂಗಿದಾಗಲೂ ಈ ಅಂತರ ಉಳಿಯಬೇಕು. ಈಗ ನೆಲಮಹಡಿ ಮಾತ್ರ ಕಟ್ಟುವವರು ನಾಳೆ ಮಗನ ಮದುವೆಗೆ ಮೇಲೊಂದು ಮನೆ ಎತ್ತಬೇಕೆಂದರೆ ಈ ಅಂತರವೇ ಇರುವುದಿಲ್ಲ. ತಂತಿ ಕೆಳಗೆ ಸೆಂಟ್ರಿಂಗ್ ಕಬ್ಬಿಣ ಎತ್ತುವಾಗ ಸರಳು ತಾಗಿ ಸತ್ತ ಕೂಲಿಯವರ ಸುದ್ದಿ ಪತ್ರಿಕೆ ಓದುವವರಿಗೆ ಹೊಸದೇ?

ದೊಡ್ಡ ಟವರಿನ ಲೈನುಗಳ ಲೆಕ್ಕ ಇನ್ನೂ ದೊಡ್ಡದು. 66 ಕೆ.ವಿ. ಲೈನಿನ ದಾರಿಗೆ 18 ಮೀಟರ್ ಅಗಲ, 110 ಕೆ.ವಿ.ಗೆ 22 ಮೀಟರ್, 220 ಕೆ.ವಿ.ಗೆ 35 ಮೀಟರ್ ಅಗಲದ ಪಟ್ಟಿ ಹಿಡಿಯುತ್ತಾರೆ. 35 ಮೀಟರ್ ಅಂದರೆ 115 ಅಡಿ. 40 ಅಡಿಯ ಸೈಟು ಮೂರು ಸಾಲು ಬಹುತೇಕ ಅದರಲ್ಲೇ ಮುಳುಗಿತು!

ಪತ್ರ ನೋಡಿದರೆ ಇದು ಗೊತ್ತಾಗುತ್ತದೆಯೇ? ಇಲ್ಲ, ಅಲ್ಲೇ ಇರುವುದು ಮೋಸ. ಟವರ್ ಲೈನಿಗೆ ಸಾಮಾನ್ಯವಾಗಿ ಭೂಮಿ ಸ್ವಾಧೀನ ಮಾಡುವುದಿಲ್ಲ. ಬೆಳೆಗೆ, ಮರಕ್ಕೆ, ಜಮೀನಿಗಾದ ನಷ್ಟಕ್ಕೆ ಪರಿಹಾರ ಕೊಟ್ಟು ತಂತಿ ಎಳೆಯುತ್ತಾರೆ. ಜಮೀನು ರೈತನ ಹೆಸರಿನಲ್ಲೇ ಉಳಿಯುತ್ತದೆ. ಪಹಣಿ ಶುದ್ಧ, ಋಣಭಾರ ಪತ್ರ ಶುದ್ಧ, ಆಕಾಶ ಮಾತ್ರ ಅಶುದ್ಧ! ಮಂಜೂರಾದ ನಕ್ಷೆಯಲ್ಲಿ ಆ ಪಟ್ಟಿಯನ್ನು ಖಾಲಿ ಜಾಗ ಎಂದು ಬಿಟ್ಟಿರಬೇಕು. ಕೈಗೆ ಕೊಟ್ಟ ಬಣ್ಣದ ನಕ್ಷೆಯಲ್ಲಿ ಅದಕ್ಕೂ ಸೈಟ್ ನಂಬರು ಬಿದ್ದಿದ್ದರೆ ಅಲ್ಲಿಂದ ಎದ್ದು ಬರುವುದೇ ಜಾಣತನ. ‘ಲೈನು ಪಕ್ಕಕ್ಕೆ ಸರಿಸಿ ಕೊಡ್ತೀವಿ’ ಎಂಬ ಮಾತನ್ನು ನಂಬಬೇಡಿ. ಸರಿಸುವ ಖರ್ಚು ಕೇಳಿದವನ ತಲೆಗೇ.

ನೀರಿಗೂ ಕರೆಂಟೇ ಮೂಲ

ಲೈಟಿನ ಮಾತು ಮುಗಿಸಿ ನೀರಿಗೆ ಬಂದರೆ ಅಲ್ಲೂ ಕರೆಂಟೇ ಎದುರು ನಿಲ್ಲುತ್ತದೆ. ಊರಾಚೆ ಬಡಾವಣೆಗಳಲ್ಲಿ ನೀರು ಎಂದರೆ ಒಂದು ಬೋರು, ಒಂದು ಓವರ್‌ಹೆಡ್ ಟ್ಯಾಂಕು. ಬೋರಿನ ಮೀಟರು ಯಾರ ಹೆಸರಿನಲ್ಲಿದೆ? ಬೀದಿ ದೀಪದ ಮೀಟರು ಯಾರ ಹೆಸರಿನಲ್ಲಿದೆ? ಬಡಾವಣೆ ಮಾಡಿದವನ ಹೆಸರಿನಲ್ಲಿ. ಸೈಟು ಮಾರಾಟವಾಗುವ ತನಕ ಅವನೇ ಬಿಲ್ಲು ಕಟ್ಟುತ್ತಾನೆ, ಏಕೆಂದರೆ ಗಿರಾಕಿ ಬಂದಾಗ ನಲ್ಲಿಯಲ್ಲಿ ನೀರು ಬರಬೇಕಲ್ಲ! ಕೊನೆಯ ಸೈಟು ಮಾರಿದ ತಿಂಗಳೇ ಅವನ ಧರ್ಮಬುದ್ಧಿ ಮುಗಿಯುತ್ತದೆ. ಬಿಲ್ಲು ಬಾಕಿ, ಫ್ಯೂಸು ಕಿತ್ತರು, ಬೋರು ನಿಂತಿತು, ಬೀದಿ ಕತ್ತಲಾಯಿತು.

ಆಗ ಜನ ಪಾಲಿಕೆಗೆ ಹೋಗುತ್ತಾರೆ. ‘ಬಡಾವಣೆ ನಮಗೆ ಹಸ್ತಾಂತರ ಆಗಿಲ್ಲ’ ಎಂದು ಪಾಲಿಕೆ. ಪ್ರಾಧಿಕಾರಕ್ಕೆ ಹೋದರೆ ‘ನಕ್ಷೆ ಕೊಡುವುದಷ್ಟೇ ನಮ್ಮ ಕೆಲಸ’. ಗ್ರಾಮ ಪಂಚಾಯಿತಿಗೆ ಹೋದರೆ ‘ಅನುದಾನ ಇಲ್ಲ’. ಮೂರು ಬಾಗಿಲು ತಟ್ಟಿ ಬಂದವರು ಕೊನೆಗೆ ತಾವೇ ಚಂದಾ ಎತ್ತಿ ಬಿಲ್ಲು ಕಟ್ಟುತ್ತಾರೆ. ಕಂದಾಯ ಮಾತ್ರ ಎಲ್ಲರಿಗೂ ಕಟ್ಟಬೇಕು! ಆದ್ದರಿಂದ ಕೊಳ್ಳುವ ಮೊದಲು ಕೇಳಬೇಕಾದ ಮುಖ್ಯ ಪ್ರಶ್ನೆ ‘ನೀರು ಇದೆಯೇ’ ಎಂದಲ್ಲ. ‘ಬಡಾವಣೆ ಹಸ್ತಾಂತರ ಆಗಿದೆಯೇ? ಬೋರಿನ ಬಿಲ್ಲು ಇವತ್ತು ಯಾರು ಕಟ್ಟುತ್ತಾರೆ?’ ಎಂದು.

ನಗರದೊಳಗೆ ‘ಜಲಸಿರಿ’ ಯೋಜನೆಯ ಕೊಳವೆ ಹಾಕಿ ಮೀಟರು ಕೂರಿಸಿದ್ದಾರೆ. ಅದು ಬೀದಿ ಬೀದಿಯ ಲೆಕ್ಕ. ಪಕ್ಕದ ಬಡಾವಣೆಗೆ ಬಂತು ಎಂದು ನಿಮ್ಮ ಬೀದಿಗೆ ಬಂದಂತಲ್ಲ.

ಚರಂಡಿಯದು ಇನ್ನೊಂದು ಕತೆ. ನಮ್ಮ ಸುತ್ತ ಎರೆಮಣ್ಣು ಬಹಳ. ಎರೆಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಒಳಚರಂಡಿ ಇಲ್ಲದ ಕಡೆ ಇಂಗುಗುಂಡಿ ತೋಡಿದರೆ ಅದು ಒಂದೇ ಮಳೆಗಾಲಕ್ಕೆ ತುಂಬಿ ಮನೆ ಮುಂದೆ ಬರುತ್ತದೆ. ಗದ್ದೆ ಬಯಲಾದರೆ ನೆಲದ ನೀರೂ ಮೇಲೇ ಇರುತ್ತದೆ. ಕಂಬಗಳೂ ಅಷ್ಟೆ, ಬುಡಕ್ಕೆ ಕಾಂಕ್ರೀಟು ಹಾಕದೆ ಕೆಸರಲ್ಲಿ ನೆಟ್ಟರೆ ಎರಡು ವರ್ಷಕ್ಕೆ ಕುಡುಕನಂತೆ ವಾಲುತ್ತವೆ. ಸೈಟು ನೋಡಬೇಕಾದದ್ದು ಯುಗಾದಿ ಬಿಸಿಲಿನಲ್ಲಲ್ಲ. ಶ್ರಾವಣದಲ್ಲಿ, ಜೋರು ಮಳೆ ಬಂದ ಮಾರನೆ ದಿನ. ಚಪ್ಪಲಿ ಕೈಯಲ್ಲಿ ಹಿಡಿದು ಹೋಗಿ ಬಂದರೆ ಸೈಟಿನ ಜಾತಕ ಪೂರ್ತಿ ತಿಳಿಯುತ್ತದೆ.

ಹಳೆ ಮನೆ, ಹಳೆ ಬಾಕಿ

‘ಈ ಸೈಟಿನ ಉಸಾಬರಿಯೇ ಬೇಡ, ಊರೊಳಗೆ ಹಳೆ ಮನೆ ಕೊಂಡುಬಿಡೋಣ’ ಎನ್ನುವವರೂ ಉಂಟು. ಪೇಟೆಯೊಳಗಿನ ಮನೆಗೆ ಕಂಬದ ಚಿಂತೆ ಇಲ್ಲ. ಆದರೆ ಬಿಲ್ಲಿನ ಚಿಂತೆ ಇದೆ.

ಋಣಭಾರ ಪತ್ರದಲ್ಲಿ ಬ್ಯಾಂಕಿನ ಸಾಲ ಕಾಣುತ್ತದೆ, ಕರೆಂಟು ಬಾಕಿ ಕಾಣುವುದಿಲ್ಲ. ಹಿಂದಿನವನು ಉಳಿಸಿಹೋದ ಬಾಕಿ ಹೊಸಬನ ತಲೆಗೆ ಬರುತ್ತದೆಯೇ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 2023ರ ಮೇ 19ರಂದು ತೀರ್ಪು ಬಂದಿದೆ. ಕೇರಳದ ವಿದ್ಯುತ್ ಮಂಡಲಿಯ ಮೊಕದ್ದಮೆ ಅದು. ಹಳೆ ಬಾಕಿ ತೀರಿಸಿದರೆ ಮಾತ್ರ ಹೊಸ ಸಂಪರ್ಕ ಎಂದು ನಿಯಮಾವಳಿಯಲ್ಲಿ ಶರತ್ತು ಹಾಕಿದ್ದರೆ ಅದು ಸಿಂಧು ಎಂದು ಕೋರ್ಟು ಹೇಳಿತು. ಮುಚ್ಚಿದ ಗಿರಣಿ, ಹರಾಜಿಗೆ ಬಂದ ಗೋದಾಮು, ಬಾಗಿಲು ಹಾಕಿದ ಹೋಟೆಲು ಕೊಳ್ಳುವವರು ಈ ತೀರ್ಪನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕು. ಹರಾಜಿನಲ್ಲಿ ‘ಇದ್ದದ್ದು ಇದ್ದಂತೆ’ ಎಂದರೆ ಬಾಕಿಯೂ ಇದ್ದಂತೆ!

ಅದಕ್ಕೇ ಮನೆ ಮಾರುವವರಿಂದ ಇತ್ತೀಚಿನ ಕರೆಂಟು ಬಿಲ್ಲು ಕೇಳಿ ಪಡೆಯಬೇಕು. ಒಂದು ಬಿಲ್ಲು ಹತ್ತು ಪತ್ರಕ್ಕೆ ಸಮ. ಆರ್.ಆರ್. ನಂಬರು ಯಾವುದು, ಯಾರ ಹೆಸರಿನಲ್ಲಿದೆ, ಎಷ್ಟು ಕಿಲೋವ್ಯಾಟ್ ಮಂಜೂರಾಗಿದೆ, ಯಾವ ದರ, ಬಾಕಿ ಎಷ್ಟು, ಎಲ್ಲ ಅದರಲ್ಲೇ ಇರುತ್ತದೆ. ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳು ತಿಂಗಳು ನಿಗದಿತ ಶುಲ್ಕ ಉಂಟು. ಮನೆಗೆ ಬೀಗ ಹಾಕಿದ್ದರೂ ಅದು ಓಡುತ್ತಲೇ ಇರುತ್ತದೆ. ಹೆಸರು ಬದಲಾಯಿಸಿಕೊಳ್ಳುವುದನ್ನು ನೋಂದಣಿಯ ವಾರದಲ್ಲೇ ಮಾಡಿಕೊಳ್ಳಿ. ಇಲ್ಲದಿದ್ದರೆ ಹಳೆ ಠೇವಣಿಯ ಜಗಳ ಒಂದು ಕಡೆ, 2023ರಲ್ಲಿ ಬಂದ ಗೃಹಜ್ಯೋತಿಯ ಜಗಳ ಇನ್ನೊಂದು ಕಡೆ. ಹಿಂದಿನವರ ಆಧಾರ್ ಆ ಆರ್.ಆರ್. ನಂಬರಿಗೆ ಅಂಟಿಕೊಂಡಿದ್ದರೆ ಬಿಡಿಸಿಕೊಳ್ಳಬೇಕು.

ಇನ್ನು ಒಳಗಿನ ವೈರಿಂಗು. ಹಳೆ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಓಡಿಸಿದ ವೈರು, ಪಿಂಗಾಣಿ ಫ್ಯೂಸು, ಎರಡು ಪಿನ್ನಿನ ಪ್ಲಗ್ಗು. ಆ ಕಾಲಕ್ಕೆ ಅದು ಸರಿಯೇ. ಒಂದು ರೇಡಿಯೋ, ನಾಲ್ಕು ಬಲ್ಬು, ಒಂದು ಫ್ಯಾನು. ಅದೇ ವೈರಿಗೆ ಇವತ್ತು ಗೀಸರು, ಇಸ್ತ್ರಿ, ಎ.ಸಿ. ಹಾಕಿದರೆ ವೈರು ತಾನೇ ಒಲೆಯಾಗುತ್ತದೆ. ಅರ್ಥಿಂಗ್ ಇದೆಯೇ ನೋಡಿಸಿ. ಸೋರಿದ ಕರೆಂಟು 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಲೈನು ಕಡಿಯುವ ಆರ್.ಸಿ.ಸಿ.ಬಿ. ಇದೆಯೇ ನೋಡಿಸಿ. ಸುಣ್ಣ ಬಣ್ಣಕ್ಕೆ ಲಕ್ಷ ಸುರಿಯುವವರು ಇದಕ್ಕೆ ಜಿಪುಣತನ ಮಾಡುವುದು ಯಾವ ನ್ಯಾಯ?

ಅಂಗಡಿಯವರಿಗೆ ಒಂದು ಮಾತು

ಮನೆಯ ಮುಂದಿನ ಕೋಣೆಗೆ ಶಟರ್ ಹಾಕಿ ಅಂಗಡಿ ಮಾಡುವುದು ನಮ್ಮೂರ ರೂಢಿ. ಅಂಥ ಮಳಿಗೆ ಕೊಳ್ಳುವವರು, ಬಾಡಿಗೆಗೆ ಹಿಡಿಯುವವರು ಮೀಟರಿನ ದರ ನೋಡಬೇಕು. ಮನೆ ದರದ ಮೀಟರಿನಲ್ಲಿ ಅಂಗಡಿ ನಡೆಸಿದರೆ ಅದು ಕಳ್ಳತನ ಅಲ್ಲದಿದ್ದರೂ ‘ಅನಧಿಕೃತ ಬಳಕೆ’. ಕಾಯ್ದೆಯ 126ನೇ ಕಲಂ ಪ್ರಕಾರ ಅನ್ವಯವಾಗುವ ದರದ ಎರಡರಷ್ಟು ಲೆಕ್ಕ ಹಾಕುತ್ತಾರೆ. ಯಾವಾಗಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ. ತಿಂಗಳಿಗೆ ನೂರಿನ್ನೂರು ಉಳಿಸಲು ಹೋಗಿ ವರ್ಷದ ಲಾಭವನ್ನು ಒಂದೇ ನೋಟೀಸಿಗೆ ಸುರಿಯುವ ಬಾಳು ಬೇಕೇ?

ಖಾತೆ ಬಂದರೆ ಲೈಟು ಬಂತೇ?

2025ರಲ್ಲಿ ರೆವೆನ್ಯೂ ಬಡಾವಣೆಗಳಿಗೆ ‘ಬಿ’ ಖಾತೆ ಕೊಡುವ ಅಭಿಯಾನ ನಡೆಯಿತು. ಜನ ಸಂತೋಷಪಟ್ಟರು. ಖಾತೆ ಕಂದಾಯದ ಲೆಕ್ಕಕ್ಕೆ. ಅದರಿಂದ ನಕ್ಷೆ ಸಕ್ರಮವಾಗುವುದಿಲ್ಲ, ಟಿ.ಸಿ. ದೊಡ್ಡದಾಗುವುದಿಲ್ಲ, ಚರಂಡಿ ಹುಟ್ಟುವುದಿಲ್ಲ.

ಇದರ ಜೊತೆಗೆ 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ. ಮೀರತ್ ನಗರದ ಅಕ್ರಮ ಕಟ್ಟಡದ ಮೊಕದ್ದಮೆ. ಕಟ್ಟಡ ಮುಗಿದ ಪತ್ರವನ್ನೋ ಸ್ವಾಧೀನಾನುಭವ ಪತ್ರವನ್ನೋ ತೋರಿಸಿದ ಮೇಲೆಯೇ ಲೈಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದು ಕೋರ್ಟು ದೇಶಕ್ಕೆಲ್ಲ ಅನ್ವಯವಾಗುವಂತೆ ನಿರ್ದೇಶನ ಕೊಟ್ಟಿತು. 2025ರಲ್ಲಿ ನಮ್ಮ ರಾಜ್ಯದಲ್ಲಿ ಇದು ಜಾರಿಗೆ ಬಂದಾಗ ಮನೆ ಕಟ್ಟಿ ಕುಳಿತಿದ್ದ ಸಾವಿರಾರು ಮಂದಿ ಕಂಗಾಲಾದರು. ಅದೇ ವರ್ಷ 1200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಸರ್ಕಾರ ಶರತ್ತಿನ ಮೇಲೆ ಸಡಿಲಿಕೆ ಕೊಟ್ಟಿತು. ಬಡವನಿಗೆ ಅದು ನ್ಯಾಯವೇ. ಆದರೆ ಸಡಿಲಿಕೆಯನ್ನು ನಂಬಿ ಸೈಟು ಕೊಳ್ಳುವುದು ಮಳೆ ನಿಂತೀತೆಂದು ನಂಬಿ ರಾಗಿ ಒಣ ಹಾಕಿದಂತೆ.

ಹೊಣೆ ಯಾರದು?

ಇಷ್ಟೆಲ್ಲ ಓದಿದ ಮೇಲೆ ‘ಎಲ್ಲ ನಾವೇ ನೋಡಬೇಕಾದರೆ ಕಚೇರಿಗಳು ಯಾಕಿವೆ?’ ಎಂದು ಯಾರಾದರೂ ಕೇಳಿದರೆ ಅದು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಬೆಳಿಗ್ಗೆ ಏಳಕ್ಕೆ ಅಂಗಡಿ ಬಾಗಿಲು ತೆಗೆದು ರಾತ್ರಿ ಒಂಬತ್ತಕ್ಕೆ ಮುಚ್ಚುವವನು, ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುವವನು ಐದು ಕಚೇರಿ ಸುತ್ತಿ ಕೆ.ವಿ.ಎ. ಲೆಕ್ಕ ಹಾಕಬೇಕೆ?

ಮಾಡಬೇಕಾದ ಕೆಲಸ ದೊಡ್ಡದಲ್ಲ. ಪ್ರಾಧಿಕಾರದವರು ಪ್ರತಿ ಕಮಾನಿನ ಕೆಳಗೆ ಒಂದು ಬೋರ್ಡು ಕಡ್ಡಾಯ ಮಾಡಲಿ. ಅದರಲ್ಲಿ ಐದೇ ಸಾಲು: ನಕ್ಷೆ ಮಂಜೂರಾತಿ ನಂಬರು, ಬಿಡುಗಡೆಯಾದ ಸೈಟುಗಳ ನಂಬರು, ಟಿ.ಸಿ. ಎಷ್ಟು ಕೆ.ವಿ.ಎ. ಮತ್ತು ಯಾವ ಫೀಡರು, ನೀರು ಎಲ್ಲಿಂದ, ಚರಂಡಿ ಎಲ್ಲಿಗೆ. ಸಿನಿಮಾ ಥಿಯೇಟರಿನಲ್ಲಿ ಟಿಕೆಟ್ಟಿನ ದರ ಬರೆದು ಹಾಕುತ್ತಾರೆ, ಹೋಟೆಲಿನಲ್ಲಿ ದೋಸೆಯ ದರ ಬರೆದು ಹಾಕುತ್ತಾರೆ. ಲಕ್ಷಗಟ್ಟಲೆ ಬೆಲೆಯ ಸೈಟಿಗೆ ಐದು ಸಾಲು ಬರೆಯಲು ಬಣ್ಣಕ್ಕೆ ಬರವೇ? ಕರೆಂಟು ಕಚೇರಿಯವರು ತಾವು ವಶಕ್ಕೆ ಪಡೆದ ಬಡಾವಣೆಗಳ ಪಟ್ಟಿಯನ್ನು ಶಾಖಾ ಕಚೇರಿಯ ಗೋಡೆಗೆ ಅಂಟಿಸಲಿ. ಕಾಗದ ಒಂದು, ಗೋಂದು ನಾಲ್ಕಾಣೆ!

ಕಾನೂನಿಗೂ ಬರವಿಲ್ಲ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ 2016ರ ರೇರಾ ಕಾಯ್ದೆಯಲ್ಲಿ ನೋಂದಣಿ ಆಗಿಯೇ ಮಾರಾಟ ಮಾಡಬೇಕು. ಹೇಳಿದ ಸೌಕರ್ಯ ಕೊಡದಿದ್ದರೆ ದೂರು ಕೊಡಲು ದಾರಿಯಿದೆ. ‘ಸಕಲ ಸೌಕರ್ಯ’ ಎಂದು ಬರೆದ ಆ ಬೋರ್ಡಿನ ಫೋಟೋ ಹೊಡೆದಿಟ್ಟುಕೊಳ್ಳಿ, ಬಣ್ಣದ ಪಾಂಪ್ಲೆಟ್ಟನ್ನು ಪೊಟ್ಟಣ ಕಟ್ಟಲು ಹರಿಯಬೇಡಿ. ನಾಳೆ ಅದೇ ಸಾಕ್ಷಿ.

ಕಚೇರಿಗಳು ಎಚ್ಚರಾಗುವ ತನಕ ಜನ ತಾವೇ ಎಚ್ಚರವಿರಬೇಕು. ಮುಂಗಡದ ಹಣ ಜೇಬಿನಲ್ಲಿದ್ದಾಗ ಗಿರಾಕಿ ದೊರೆ. ಎಣಿಸಿ ಕೊಟ್ಟ ಮರುಕ್ಷಣ ಅರ್ಜಿದಾರ. ದೊರೆಯಾಗಿರುವ ಆ ಹತ್ತು ನಿಮಿಷದಲ್ಲಿ ತಲೆ ಎತ್ತಿ ಒಮ್ಮೆ ಕಂಬ ನೋಡಿ, ತಲೆ ತಗ್ಗಿಸಿ ಒಮ್ಮೆ ಚರಂಡಿ ನೋಡಿ. ಆಮೇಲೆ ಬೇಕಾದರೆ ವಾಸ್ತು ನೋಡಿಸಿ.

ದೇವಮೂಲೆ ಸರಿಯಿದ್ದು ದೀಪವೇ ಹತ್ತದಿದ್ದರೆ ದೇವರಿಗೂ ಕತ್ತಲೆ. ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸುವರೇ?